ಕೂ ಕೇಳುವ ಕಿವಿ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಜೂನ್ ತಿಂಗಳ ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ಒಂಬತ್ತನೇ ತರಗತಿಗೆ ಭೌತವಿಜ್ಞಾನ ಹೇಳುವವಳು ನಾನು. ಶಾಲೆ ಶಿರಸಿ ಪೇಟೆಯ ಹೊರವಲಯದಲ್ಲಿ, ಮನೆ ಭೈರುಂಬೆ ಕಡೆ. ಇಪ್ಪತ್ತೆರಡು ವರ್ಷಗಳಿಂದ ಅದೇ ಎಂಟೂಕಾಲರ ಬಸ್ಸು, ಅದೇ ಪಾಠ. ಚಲನೆ, ಬಲ, ಗುರುತ್ವ, ಶಬ್ದ – ಯಾವುದು ಯಾವ ತಿಂಗಳಲ್ಲಿ ಬರುತ್ತದೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಶಬ್ದದ ಪಾಠದ ಕೊನೆಯಲ್ಲಿ ಕಿವಿಯ ಚಿತ್ರ ಬರುತ್ತದೆ, ಅದರ ಹಿಂದೆಯೇ ಶ್ರವಣ ಸಾಧನ. "ಮೈಕ್ರೋಫೋನು ಶಬ್ದವನ್ನು ವಿದ್ಯುತ್ ಸಂಕೇತ ಮಾಡುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ, ಸ್ಪೀಕರು ಮತ್ತೆ ಶಬ್ದ ಮಾಡಿ ಕಿವಿಗೆ ಕಳಿಸುತ್ತದೆ. ಎರಡು ಅಂಕ. ಬರೆದುಕೊಳ್ಳಿ." ಇಷ್ಟನ್ನು ಇಪ್ಪತ್ತೊಂದು ವರ್ಷ ಒಂದಕ್ಷರ ಬದಲಿಸದೆ ಹೇಳಿದ್ದೆ. ಹೇಳುವಾಗ ಒಂದು ಸಲವೂ ನಮ್ಮ ಮನೆಯ ಅಡುಗೆಮನೆ ನೆನಪಾಗಿರಲಿಲ್ಲ.

ಅಡುಗೆಮನೆಯಲ್ಲಿ ನನ್ನ ಅತ್ತೆ ಇದ್ದರು. ನನ್ನ ಗಂಡನ ತಾಯಿ, ಎಪ್ಪತ್ತು ದಾಟಿದವರು, ನಡಿಗೆ ಮಾತ್ರ ಇನ್ನೂ ಬಿರುಸು. ನಾವಿಬ್ಬರೂ ಸುಮಾರು ಹತ್ತು ವರ್ಷಗಳಿಂದ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದೆವು. ನಾನು ಹೇಳಿದ್ದು ಅವರಿಗೆ ಕೇಳುತ್ತಿರಲಿಲ್ಲ. ಅಂದರೆ, ನನ್ನ ಲೆಕ್ಕದಲ್ಲಿ, ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. "ಅತ್ತೆ, ಸಾರಿಗೆ ಉಪ್ಪು ಹಾಕಿದ್ದೆ" ಎಂದರೆ ಸುಮ್ಮನೆ ತಲೆಯಾಡಿಸಿ ಇನ್ನೊಂದು ಚಮಚ ಉಪ್ಪು ಹಾಕುತ್ತಿದ್ದರು. ಮೂರು ಸಲ ಹೇಳಿದರೆ ಮುಖ ಗಂಟಿಕ್ಕಿಕೊಂಡು ಹೊರಗೆ ಹೋಗುತ್ತಿದ್ದರು. ಅವರ ಮಗ, ಅಂದರೆ ನನ್ನ ಗಂಡ, ಹೇಳಿದರೆ ಕೇಳುತ್ತಿತ್ತು. ನಾನು ಹೇಳಿದರೆ ಜಪ್ಪಯ್ಯ ಅಂದರೂ ಇಲ್ಲ. ನನಗೆ ಸಿಟ್ಟು ಬರದೆ ಏನಾಗಬೇಕು?

ಕಿವಿ ಮಂದವಾಗಿರಬಹುದು ಎಂದು ನಾನೂ ಒಮ್ಮೆ ಯೋಚಿಸಿದ್ದೆ, ಇಲ್ಲ ಎನ್ನುವುದಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಗಂಡನಿಗೆ ಹೇಳಿದೆ. ಡಾಕ್ಟರು ಯಾಕೆ, ಪರೀಕ್ಷೆ ತಾನೇ ಮಾಡುತ್ತೇನೆ ಎಂದರು ಅವರು. ನಮ್ಮ ಕಡೆ ಕಿವಿಯ ಪರೀಕ್ಷೆ ಎಂದರೆ ಕೂ. ಮನೆಯಿಂದ ಮನೆಗೆ ದೂರ, ಇಳಿಜಾರಿನಲ್ಲಿ ಮೊಬೈಲು ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಈಗಲೂ ಜನ ಬಾಯಿಗೆ ಕೈ ಅಡ್ಡ ಹಿಡಿದು "ಕೂ" ಎಂದು ಉದ್ದಕ್ಕೆ ಕೂಗು ಹಾಕುತ್ತಾರೆ. ಉದ್ದದ ಒಂದು ಕೂ ಎಂದರೆ ಬಾ. ಎರಡು ತುಂಡು ಕೂ ಎಂದರೆ ಮಂಗ ಬಂದಿದೆ. ಒಬ್ಬೊಬ್ಬರ ಕೂ ಒಂದೊಂದು ಥರ, ಕೇಳಿದ ಕೂಡಲೇ ಯಾರೆಂದು ತಿಳಿಯುತ್ತದೆ. ನನ್ನ ಗಂಡ ಹೊಳೆ ದಾಟಿ, ಆಚೆಯ ಗುಡ್ಡದ ಅರ್ಧ ಹತ್ತಿ, ಅಲ್ಲಿಂದ ಒಂದು ಕೂ ಹಾಕಿದರು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಟ್ಟನೆ ತಲೆ ಎತ್ತಿ, ಅದಕ್ಕಿಂತ ಉದ್ದದ ಕೂ ತಿರುಗಿಸಿ ಹಾಕಿದರು. ಪಕ್ಕದಲ್ಲಿದ್ದ ನನಗೆ ಗಂಡನ ಕೂ ಸರಿಯಾಗಿ ಕೇಳಿಸಿರಲೂ ಇಲ್ಲ.

ಗಂಡ ಏದುಸಿರು ಬಿಡುತ್ತ ಬಂದು, ತಾಯಿಯ ಕಡೆ ಕೈ ತೋರಿಸಿ, "ಆಯಿ ಕಿವಿಗೆ ಎಂತೂ ಆಜಿಲ್ಲೆ. ನೂರಕ್ಕೆ ನೂರು. ನಿನ್ನ ಕಿವಿಯೇ ತೋರ್ಸಕು" ಎಂದು ನಕ್ಕರು. ಅಲ್ಲಿಗೆ ಆ ವಿಷಯ ಮುಗಿಯಿತು. ಗುಡ್ಡದಾಚೆಯ ಕೂ ಕೇಳುವ ಕಿವಿಗೆ ಪಕ್ಕದಲ್ಲಿ ನಿಂತ ಸೊಸೆಯ ಮಾತು ಕೇಳುವುದಿಲ್ಲ ಎಂದರೆ ಅದು ಬೇಕೆಂದೇ ಮಾಡುವ ಉಪೇಕ್ಷೆ ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಭೌತವಿಜ್ಞಾನದ ಟೀಚರು!

ಕಳೆದ ವರ್ಷ ಒಂದು ಬುಧವಾರ ಬೆಳಿಗ್ಗೆ ಹಾಲು ಉಕ್ಕಿತು. ಒಲೆಯ ಹತ್ತಿರ, ಅದಕ್ಕೆ ಬೆನ್ನು ಹಾಕಿ ಅತ್ತೆ, ಮಿಕ್ಸಿಯ ಹತ್ತಿರ ನಾನು, ಬಸ್ಸಿಗೆ ಹತ್ತು ನಿಮಿಷ. "ಅತ್ತೆ, ಹಾಲು!" ಎಂದೆ. ಮತ್ತೆ ಹೇಳಿದೆ. ಮೂರನೇ ಸಲ ಬಾಯಿ ಬಡಿದುಕೊಂಡೆ. ಹಾಲೆಲ್ಲ ಕಟ್ಟೆಯ ಮೇಲೆ ಹರಿದು ನೆಲಕ್ಕಿಳಿಯಿತು. ನಾನು ಅವರ ಮುಖದ ಮುಂದೆಯೇ ಹೋಗಿ ನಿಂತು ಕಿವಿ ಮುಟ್ಟಿ ತೋರಿಸಿದೆ.

"ಗುಡ್ಡದಾಚೆ ಕೂ ಕೇಳ್ತು, ಆನು ಹೇಳಿದ್ದು ಮಾತ್ರ ಕೇಳ್ತಿಲ್ಯಾ? ಸಾಕಾತು ಎಂಗೆ ಈ ನಾಟಕ!"

ಇದು ಅವರಿಗೆ ಚೆನ್ನಾಗಿ ಕೇಳಿಸಿತು.

"ನಾಟಕ ಮಾಡದು ಆನಾ, ನೀನಾ?" ಎಂದರು ಅತ್ತೆ. ಒದ್ದೆ ಬಟ್ಟೆ ತಂದು ನೆಲದ ಹಾಲು ಒರೆಸಿದರು, ಕೈ ತೊಳೆದುಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಭಾನುವಾರ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋಗ್ತೆ, ಮಗಳ ಮನೆಗೆ. ಇನ್ನು ಬತ್ನಿಲ್ಲೆ" ಎಂದರು.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಖುಷಿಯೇ ಆಯಿತು. ಬಸ್ಸಿನಲ್ಲಿ ಕೂತು ಮಸಾಲೆ ಡಬ್ಬಗಳನ್ನು ಯಾವ ಶೆಲ್ಫಿಗೆ ಬದಲಿಸಬೇಕು ಎಂದೂ ಯೋಚಿಸಿದೆ. ಎಂಟು ದಿನ ಇದ್ದು ಬಂದೇ ಬರುತ್ತಾರೆ ಎಂದು ಗಂಡ ಸಮಾಧಾನ ಹೇಳಿದ್ದರು. ಸಂಜೆ ಬಂದು ನೋಡಿದರೆ ಅತ್ತೆಯ ಟ್ರಂಕು ಜಗಲಿಗೆ ಬಂದಿತ್ತು. ಪಕ್ಕದಲ್ಲಿ, ಹಳೆ ಸೀರೆಯಲ್ಲಿ ಸುತ್ತಿ ಕಟ್ಟಿದ ಅವರ ಹೆರೆಮಣೆ. ಕಾಯಿ ತುರಿಯುವ ಆ ಹೆರೆಮಣೆಯನ್ನು ಅವರು ಮದುವೆಯಾದ ವರ್ಷ ತವರಿನಿಂದ ತಂದಿದ್ದು, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹೆರೆಮಣೆ ಕಟ್ಟಿಕೊಂಡು ಹೊರಟ ಹೆಂಗಸು ಎಂಟು ದಿನಕ್ಕೆ ತಿರುಗಿ ಬರುವುದಿಲ್ಲ. ಇದು ಗಂಡಸರಿಗೆ ಅರ್ಥವಾಗುವ ಸಂಗತಿ ಅಲ್ಲ. ನನಗೆ ಅರ್ಥವಾಯಿತು. ಆದರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ತಪ್ಪು ಅವರದ್ದಲ್ಲವೇ, ಅವರೇ ಮೊದಲು ಮಾತಾಡಲಿ ಎಂದುಕೊಂಡೆ.

ಮರುದಿನ ಗುರುವಾರ ಮೂರನೇ ಪೀರಿಯಡ್ಡು ಶಬ್ದದ ಪಾಠ. ಆ ವರ್ಷ ನಾನು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಸಿಕೊಂಡಿದ್ದೆ. ಎಷ್ಟು ಹರ್ಟ್ಜ್ ಬೇಕೋ ಅಷ್ಟರ ಸ್ವರ ಹೊರಡಿಸುತ್ತದೆ. ಎದುರಿಗೆ ಶಬ್ದ ಮಾಡಿದರೆ ಅದು ಎಷ್ಟು ಹರ್ಟ್ಜ್ ಎಂದೂ ತೋರಿಸುತ್ತದೆ. "ಕೇಳುವವರೆಗೆ ಕೈ ಎತ್ತಿರಿ, ನಿಂತ ಕೂಡಲೇ ಇಳಿಸಿ" ಎಂದು ಹೇಳಿ, ನಾನೂ ಕೈ ಎತ್ತಿ ನಿಂತೆ. ಸ್ವರ ಮೇಲೇರುತ್ತ ಹೋಯಿತು. ಹನ್ನೆರಡು ಸಾವಿರದ ಹತ್ತಿರ ನನಗೆ ಏನೂ ಕೇಳದಾಯಿತು. ಮೊಬೈಲು ಕೆಟ್ಟಿತೆಂದು ತಿರುಗಿಸಿ ನೋಡುತ್ತಿದ್ದರೆ ನಲವತ್ತು ಕೈಗಳು ಇನ್ನೂ ಮೇಲೇ ಇವೆ. "ಮೇಡಮ್ ಔಟ್!" ಎಂದು ಹಿಂದಿನ ಬೆಂಚು ಕುಣಿದಾಡಿತು. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಹೋಗುತ್ತವೆ, ನಿಮಗೂ ಐವತ್ತಾಗಲಿ ಆಗ ನಗುವಿರಂತೆ ಎಂದು ಗದರಿಸಿದೆ. ನಗು ಇನ್ನೂ ಜಾಸ್ತಿಯಾಯಿತು.

ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಬನವಾಸಿ ಕಡೆಯವಳು, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಕೇಳಿದ್ದಕ್ಕಿಂತ ಕೇಳದ್ದನ್ನೇ ಹೆಚ್ಚು ಯೋಚಿಸುವ ಪೈಕಿ. ಅವಳು ಎದ್ದು ನಿಂತಳು.

"ಮೇಡಮ್, ಇಲ್ಲಿ ಹುಡುಗರು ಕೂ ಅಂತ ಒದರತಾರಲ್ರಿ, ಅದು ಎಷ್ಟು ಹರ್ಟ್ಜ್ ಇರತೈತ್ರಿ? ಅಷ್ಟು ದೂರ ಹೆಂಗ ಹೋಕ್ಕೈತಿ?"

ನೋಡೋಣ ಎಂದು ಹಿಂದಿನ ಬೆಂಚಿನವನೊಬ್ಬನ ಹತ್ತಿರ ಕೂ ಹಾಕಿಸಿದೆ. ಹೆಡ್ಮಾಸ್ಟರು ಆಫೀಸಿನಿಂದ ಹೊರಗೆ ಬಂದು ನೋಡಿ ಹೋದರು. ಆ್ಯಪಿನಲ್ಲಿ ಐನೂರರ ಆಸುಪಾಸು. ಸಣ್ಣ ಸಂಖ್ಯೆ, ಕೆಳಗಿನ ಸ್ವರ. "ಈಗ ಬರೀ ಸ್ ಅಂತ ಹೇಳು" ಎಂದೆ. ಹೇಳಿದ. ಐದಾರು ಸಾವಿರಕ್ಕೆ ಹಾರಿತು. ಮಕ್ಕಳಿಗೆ ಅದೇ ಆಟವಾಯಿತು. ಶ್, ಚ್, ತ್ ಎಂದೆಲ್ಲ ಊದಿ ನೋಡಿದರು. ಎಲ್ಲವೂ ಮೇಲೆಯೇ. ಆ, ಊ, ಓ ಎಲ್ಲ ಕೆಳಗೆ. ನಾನು ಹಲಗೆಯ ಮೇಲೆ ಎರಡು ಪಟ್ಟಿ ಬರೆಯತೊಡಗಿದೆ. ಮಾತಿನಲ್ಲಿ ದನಿಯ ಜೋರು ಇರುವುದು ಸ್ವರಗಳಲ್ಲಿ, ಅರ್ಥ ಬಿಡಿಸುವುದು ವ್ಯಂಜನಗಳು ಎಂದು ವಿವರಿಸಿದೆ.

"ಹಂಗಾದ್ರ ಮೇಡಮ್," ಎಂದಳು ಅದೇ ಹುಡುಗಿ, "ಮ್ಯಾಲಿಂದಷ್ಟ ಕಿವುಡಾದವ್ರಿಗೆ ಕೂ ಕೇಳತೈತಿ, ಮಾತು ಕೇಳಂಗಿಲ್ಲ, ಹೌದಲ್ರಿ?"

"ಹೌದು," ಎಂದೆ, ಬರೆಯುತ್ತಲೇ. "ಅಂಥವರಿಗೆ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ನಾವು ಎಷ್ಟು ಕೂಗಿದರೂ ಕೆಳಗಿನದ್ದೇ ಜೋರಾಗುತ್ತದೆ, ಅವರಿಗೆ ಅದು ಬೈದ ಹಾಗೆ ಮಾತ್ರ..."

ಸೀಮೆಸುಣ್ಣ ಹಲಗೆಯ ಮೇಲೆಯೇ ನಿಂತಿತು. ಅಯ್ಯೋ ದೇವರೇ. ನಮ್ಮ ಅಡುಗೆಮನೆ ನೆನಪಾಯಿತು. ತಿರುಗಿದಾಗ ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ಏನು ನೋಡ್ತೀರಿ? ಬರೆದುಕೊಳ್ಳಿ!" ಎಂದು ರೇಗಿದೆ. ಬರೆದುಕೊಳ್ಳಲು ಹಲಗೆಯ ಮೇಲೆ ಅರ್ಧ ಬರೆದ ಪಟ್ಟಿ ಇತ್ತು ಅಷ್ಟೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೆ. ಅವಲಕ್ಕಿ, ಮೇಲೆ ಒಂದು ತುಂಡು ಮಾವಿನ ಮಿಡಿ. ನಿನ್ನೆ ಅಷ್ಟೆಲ್ಲ ಆದ ಮೇಲೂ ಬೆಳಿಗ್ಗೆ ಡಬ್ಬಿ ಕಟ್ಟಿಟ್ಟಿದ್ದರು. ನನಗೆ ಈ ಕೆಲಸ ಸಿಕ್ಕಿದಾಗ ಮಗು ಎರಡು ವರ್ಷದ್ದು. ಮನೆಯ ಹಿರಿಯರೆಲ್ಲ ಬೇಡ ಎಂದಿದ್ದರು. ಅತ್ತೆ ಒಬ್ಬರೇ ನನ್ನ ಪರ ನಿಂತು – ನಮ್ಮ ಮಾತಿನಲ್ಲಿ ಹೆಂಗಸರಿಗೆ ಅದು, ಇದು ಎಂದೇ ಹೇಳುವುದು – "ಅದು ಕಲ್ತಿದ್ದು, ಹೋಗಲಿ. ಅಡುಗೆ ಆನು ನೋಡ್ಕತ್ತೆ" ಎಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಿದ್ದರು. ಇಪ್ಪತ್ತೊಂದು ವರ್ಷ ಒಂದು ದಿನವೂ ನಾನು ಖಾಲಿ ಕೈಯಲ್ಲಿ ಬಸ್ಸು ಹತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರು ಯಲ್ಲಾಪುರದ ಬಸ್ಸು ಹತ್ತಿದರೆ ಅದು ನನ್ನಿಂದ, ನನ್ನೊಬ್ಬಳಿಂದಲೇ ಎಂದು ಅಳು ಬಂತು. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ ಮಿಡಿ ಖಾರ ಎಂದೆ.

ಸಂಜೆ ಮನೆಗೆ ಹೋಗಿ ಕಾಲು ಹಿಡಿದುಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಹೋದರೆ ಅತ್ತೆ ನನಗೆ ಬೆನ್ನು ತಿರುಗಿಸಿ ಕೂತಿದ್ದರು. ಆ ಬೆನ್ನಿಗೆ ಏನು ಹೇಳಿದರೂ ಕೇಳುವುದಿಲ್ಲ ಎಂದು ಆಗ ತಾನೇ ಕಲಿತು ಬಂದಿದ್ದೆ. ಮುಂದೆ ಹೋಗಿ ಕೂತು ಹೇಳಬಹುದಿತ್ತು. ನನ್ನ ಸೊಕ್ಕು ಅಷ್ಟು ಸುಲಭಕ್ಕೆ ಬಾಗುವಂಥದ್ದಲ್ಲ. ಅವರ ಕಿವಿಯ ಸಂಗತಿ ಅವರಿಗೇ ತಿಳಿಯಲೆಂದು ಒಂದು ಉಪಾಯ ಹೂಡಿದೆ. ಶಾಲೆಯ ಮಕ್ಕಳಿಗೆ ಕೂ ಹೇಗೆ ಹಾಕುವುದೆಂದು ತೋರಿಸಲು ಶನಿವಾರ ಅತ್ತೆ ಬರಬೇಕಂತೆ ಎಂದು ಗಂಡನ ಮೂಲಕ ಹೇಳಿಸಿದೆ. ಅವರು ಎದುರಿಗೆ ಕೂತು, ನಿಧಾನಕ್ಕೆ, ತಮ್ಮ ದಪ್ಪ ದನಿಯಲ್ಲಿ ಹೇಳಿದರು. ಅತ್ತೆಗೆ ಒಂದಕ್ಷರ ತಪ್ಪದೆ ಕೇಳಿಸಿತು. ನಾನು ಬಾಗಿಲ ಸಂದಿಯಲ್ಲಿ ನಿಂತು ಅದನ್ನು ನೋಡಿದೆ.

"ಮಕ್ಕಳಿಗೆ ಕೂ ಕಲ್ಸಕ್ಕಾ? ಅಡ್ಡಿಲ್ಲೆ, ಬತ್ತೆ. ಹೆಂಗಿದ್ರೂ ಭಾನುವಾರ ಹೋಪದು" ಎಂದರು.

ಶನಿವಾರ ಬೆಳಿಗ್ಗೆ ಅತ್ತೆ ನೀಲಿ ಇಳಕಲ್ ಸೀರೆ ಉಟ್ಟು, ನನ್ನೊಡನೆ ಒಂದೂ ಮಾತಾಡದೆ, ನನ್ನ ಪಕ್ಕದ ಸೀಟಿನಲ್ಲೇ ಕೂತು ಶಾಲೆಗೆ ಬಂದರು. ಮೈದಾನದಲ್ಲಿ ಅವರು ಹಾಕಿದ ಮೊದಲ ಕೂಗಿಗೇ ಮರದ ಹಕ್ಕಿಗಳೆಲ್ಲ ಎದ್ದವು. ಆರು ಹುಡುಗರನ್ನು ಎದುರಿನ ಗುಡ್ಡಕ್ಕೆ ಕಳಿಸಿ ಒಬ್ಬೊಬ್ಬರಾಗಿ ಕೂ ಹಾಕಿಸಿದೆವು. ಅತ್ತೆ ಒಂದನ್ನೂ ಬಿಡಲಿಲ್ಲ. "ಇವ ಸಿದ್ದಾಪುರ ಬದಿಯವ, ಬಾಲ ಎಳೀತ", "ಇವಂಗೆ ಥಂಡಿ ಆಯ್ದು" ಎಂದು ಕೂತಲ್ಲಿಂದಲೇ ಜಾತಕ ಹೇಳಿದರು. ಥಂಡಿ ಆಗಿದ್ದು ನಿಜವಿತ್ತು. ಮಕ್ಕಳು ಚಪ್ಪಾಳೆ ಹೊಡೆದೂ ಹೊಡೆದೂ ಸುಸ್ತಾದರು. ಹತ್ತು ವರ್ಷದಲ್ಲಿ ಅತ್ತೆ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ತರಗತಿಯೊಳಗೆ ಬಂದೆವು. ಅಜ್ಜಿಯೂ ಕೈ ಎತ್ತುವ ಆಟ ಆಡಲಿ ಎಂದು ಮಕ್ಕಳೇ ಹಟ ಹಿಡಿದರು. ಅತ್ತೆ ಕಣ್ಣು ಮುಚ್ಚಿ ಕೈ ಎತ್ತಿದರು. ಐನೂರು, ಸಾವಿರ, ಒಂದೂವರೆ ಸಾವಿರ. ಎರಡು ಸಾವಿರ ದಾಟುತ್ತಿದ್ದಂತೆ ಕೈ ಇಳಿಸಿ, ಗೆದ್ದವರ ಹಾಗೆ ಕಣ್ಣು ತೆರೆದರು. ಸುತ್ತ ನಲವತ್ತು ಕೈಗಳು ಮೇಲೇ ಇದ್ದವು. ನನ್ನದೂ.

"ಎಂತಕ್ಕೆ ಈ ಮಕ್ಕ ಇನ್ನೂ ಕೈ ಎತ್ಗಂಡಿದ್ದ?" ಎಂದರು ಅತ್ತೆ. "ಶಬ್ದ ನಿಂತು ಹೋತಲಿ!"

ಯಾರೂ ನಗಲಿಲ್ಲ. ಬನವಾಸಿ ಕಡೆಯ ಹುಡುಗಿ ಬಂದು ಅವರ ಮುಂದೆ ಮಂಡಿಯೂರಿ ಕೂತಳು. ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, "ನಿಂತಿಲ್ರಿ ಅಜ್ಜಿ. ನಮಗೆಲ್ಲ ಇನ್ನೂ ಕೇಳಾಕತ್ತೈತ್ರಿ" ಎಂದಳು. ಅತ್ತೆ ಮೊಬೈಲನ್ನು ತಾವೇ ತೆಗೆದುಕೊಂಡು ಒಂದು ಕಿವಿಗೆ ಹಿಡಿದರು, ಇನ್ನೊಂದು ಕಿವಿಗೆ ಹಿಡಿದರು, ಸುಮ್ಮನೆ ಕೆಳಗಿಟ್ಟರು.

"ಮನ್ಯಾಗ ಯಾರ ಮಾತು ಕೇಳಂಗಿಲ್ರಿ ನಿಮಗ?" ಎಂದು ಕೇಳಿದಳು ಆ ಹುಡುಗಿ.

"ಇದರದ್ದು," ಎಂದು ಅತ್ತೆ ನನ್ನ ಕಡೆ ಬೆರಳು ಮಾಡಿದರು. "ದನಿ ಬತ್ತು, ಮಾತು ಬತ್ತಿಲ್ಲೆ. ಎಂಗೆ ತಿಳಿಯದೇ ಇರಲಿ ಹೇಳಿ ಬೇಕೂ ಹೇಳೇ ಬಾಯೊಳಗೆ ಮಾತಾಡ್ತು ಹೇಳಿ ಮಾಡಿದ್ದೆ. ಹತ್ತು ವರ್ಷ ಆತು. ಮನೇಲಿ ಯನ್ನ ಇಟ್ಗಂಬಲೆ ಇದಕ್ಕೆ ಮನಸಿಲ್ಲೆ ಹೇಳಿ ಮಾಡಿದ್ದೆ."

ನಾನು ಅವರ ಮೇಲೆ ಹೊರಿಸಿದ್ದ, ಬೇಕೆಂದೇ ಮಾಡುತ್ತಾರೆ ಎಂಬ ಅಪವಾದವನ್ನೇ ಅವರು ಅಷ್ಟೇ ವರ್ಷ ನನ್ನ ಮೇಲೆ ಹೊರಿಸಿದ್ದರು. ಕೂ ಒಂದನ್ನು ನಂಬಿ ಇಬ್ಬರೂ ಕೆಟ್ಟಿದ್ದೆವು. ಅವರಿಗೂ ತಮ್ಮ ಕಿವಿಯ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ, ಊರಿಗೇ ಮೊದಲು ಕೂ ಕೇಳುವುದು ಅವರಿಗೇ ಅಲ್ಲವೇ? ನಲವತ್ತು ಮಕ್ಕಳ ಎದುರು ಟೀಚರು ಕಣ್ಣು ಒರೆಸಿಕೊಳ್ಳಬಾರದು. ನಾನು ಒರೆಸಿಕೊಂಡೆ.

ಹಿಂದಿನ ಬೆಂಚಿನವರು ಗೋಡೆಯ ಹಳೆ ಕ್ಯಾಲೆಂಡರ್ ಹಾಳೆ ಹರಿದು, ಪಾಠದಲ್ಲಿ ಹೇಳಿದ ಹಾಗೆ ಕೊಂಬು ಸುತ್ತಿ ಅತ್ತೆಯ ಕಿವಿಗೆ ಹಿಡಿದು "ಅಜ್ಜೀ, ತಿಂಡಿ ಎಂತ?" ಎಂದು ಸಾಲಾಗಿ ವಿಚಾರಿಸಿದರು. ಅತ್ತೆ ಎಲ್ಲರಿಗೂ ದೋಸೆ, ದೋಸೆ ಎಂದು ಉತ್ತರ ಕೊಟ್ಟರು. ಕೊನೆಗೆ ಒಬ್ಬ ಅಷ್ಟೂ ಜನರ ಪರವಾಗಿ ಎದ್ದು, "ಮೇಡಮ್, ಆ ಎರಡಂಕದ ಕಿವಿ ಮಿಶನ್ನು ಅಜ್ಜಿಗೆ ತಂದುಕೊಡಿ" ಎಂದ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನವೇ ಅತ್ತೆಯನ್ನು ಪೇಟೆಯ ಕಿವಿ ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದೆ. ಟ್ರಂಕು ಕಟ್ಟಿ ಆಗಿದೆ, ಮಗಳಿಗೆ ಮಾತು ಕೊಟ್ಟಾಗಿದೆ ಎಂದು ದಾರಿಯಲ್ಲಿ ಎರಡು ಸಲ ಹೇಳಿದರು. ಪರೀಕ್ಷೆ ಮಾಡುವ ಹುಡುಗಿ ಅವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಆಮೇಲೆ ನಕ್ಷೆ ತೋರಿಸಿದಳು. ಕೆಳಗಿನ ಸ್ವರಗಳಲ್ಲಿ ಗೆರೆ ಸಮತಟ್ಟಾಗಿ ಬಂದು, ಎರಡು ಸಾವಿರದ ಹತ್ತಿರ ದೇವಿಮನೆ ಘಟ್ಟ ಇಳಿದ ಹಾಗೆ ಇಳಿದಿತ್ತು. ಈಗಿನ ಸಾಧನ ಎಲ್ಲ ಶಬ್ದವನ್ನೂ ಒಟ್ಟಿಗೆ ಏರಿಸುವುದಿಲ್ಲ, ಕಳೆದುಹೋದ ಭಾಗವನ್ನಷ್ಟೇ ಆರಿಸಿ ಏರಿಸುತ್ತದೆ ಎಂದು ವಿವರಿಸಿದಳು. ನನ್ನ ಎರಡಂಕದ ಉತ್ತರದಲ್ಲಿ ಇದು ಇರಲಿಲ್ಲ. ಮುಂದಿನ ವರ್ಷದಿಂದ ಮೂರು ಅಂಕಕ್ಕೆ ಕೇಳಬೇಕು.

ಹುಣಸೆ ಬೀಜದಷ್ಟು ದೊಡ್ಡ ಸಾಧನವನ್ನು ಪ್ರಯೋಗಕ್ಕೆಂದು ಎರಡೂ ಕಿವಿಗೆ ಹಾಕಿದಳು. ಅತ್ತೆ ಬೆಚ್ಚಿ ಫ್ಯಾನು ನೋಡಿದರು. ತಮ್ಮ ಬಳೆ ಅಲ್ಲಾಡಿಸಿ ನೋಡಿದರು. ಸೀರೆಯ ನೆರಿಗೆ ಉಜ್ಜಿ, "ಇದೂ ಶಬ್ದ ಮಾಡ್ತಾ!" ಎಂದು ಕಣ್ಣರಳಿಸಿದರು.

"ಮನೆಯವರು ಏನಾದರೂ ಮಾತಾಡಿ," ಎಂದಳು ಆ ಹುಡುಗಿ. "ಹಿಂದೆ ನಿಂತು ಹೇಳಿ, ಬಾಯಿ ಕಾಣಬಾರದು. ಕೂಗಬೇಡಿ, ಮಾಮೂಲಿ ದನಿ ಸಾಕು."

ಅತ್ತೆಯ ಹಿಂದೆ ನಿಂತೆ. ಹೆರಳಿಗೆ ಮುಡಿದ ಹೂವು ಸ್ವಲ್ಪ ವಾಲಿತ್ತು. ಹತ್ತು ವರ್ಷದಲ್ಲಿ ನಾನು ಇವರಿಗೆ ಹೇಳಿದ್ದಾದರೂ ಏನು? ಉಪ್ಪು, ಹಾಲು, ಗ್ಯಾಸು.

"ಅತ್ತೆ," ಎಂದೆ. "ನಾಳೆ ಹೋಗಡಿ, ಇಲ್ಲೇ ಇರಿ. ನಿಂಗ ಇಲ್ದೇ ಹೋದ್ರೆ ಎಂಗೆ ಆಗ್ತಿಲ್ಲೆ."

ಅತ್ತೆ ತಿರುಗದೆಯೇ, ವಾಲಿದ ಹೂವನ್ನು ಸರಿ ಮಾಡಿಕೊಂಡರು.

"ಇನ್ನೊಂದ್ಸಲ ಹೇಳು," ಎಂದರು.

"ಕೇಳಿದ್ದಿಲ್ಲೆ ಕಾಣ್ತು" ಎಂದು ಆ ಹುಡುಗಿಯ ಕಡೆ ನೋಡಿದೆ.

"ಕೇಳ್ತು ಮಾರಾಯ್ತಿ, ಪೂರಾ ಕೇಳ್ತು," ಎಂದರು ಅತ್ತೆ. "ಆದ್ರೂ ಇನ್ನೊಂದ್ಸಲ ಹೇಳು."

ಹೇಳಿದೆ. ಮತ್ತೊಮ್ಮೆ ಹೇಳು ಎಂದರು. ಮೂರನೇ ಸಲ ಮಾತು ಅರ್ಧ ಬಾಯೊಳಗೇ ಉಳಿಯಿತು.

"ಇದು ಕೇಳಿದ್ದಿಲ್ಲೆ," ಎಂದರು ಅತ್ತೆ. "ಬಾಯಿ ಬಿಟ್ಟು ಹೇಳು."